ಕತ್ತರಿ ತಾಗದ ಕೂದಲು: ಅಫ್ಘನ್ ಹೌಂಡ್ ಮತ್ತು ತಳಿ ಪ್ರದರ್ಶನ

ಪೂಡಲ್ ನಾಯಿಯನ್ನು ಪ್ರದರ್ಶನಕ್ಕೆ ಸಿದ್ಧಮಾಡುವವರು ಕತ್ತರಿ ಹಿಡಿದು, ಉದ್ಯಾನದ ಬೇಲಿಗಿಡವನ್ನು ಸವರಿದಂತೆ ಅದರ ಕೂದಲಿಗೆ ಆಕಾರ ಕೊಡುತ್ತಾರೆ. ಶಿಟ್ಜು ನಾಯಿಗೆ ನೆತ್ತಿಯ ಕೂದಲೆತ್ತಿ ಜುಟ್ಟು ಕಟ್ಟುತ್ತಾರೆ. ಅಫ್ಘನ್ ಹೌಂಡ್‌ಗೆ ಇವೆರಡೂ ಸಲ್ಲ. ಕೂದಲು ತಾನಾಗಿ ಬೆಳೆದು ತಾನಾಗಿ ಇಳಿಬಿದ್ದಂತಿರಬೇಕು ಎಂಬುದು ಈ ತಳಿಯ ಕಟ್ಟಳೆ. ಹಾಗೆ ‘ತಾನಾಗಿ’ ಕಾಣಿಸುವುದಕ್ಕೆ ಪ್ರತಿ ವಾರ ಎಷ್ಟು ಗಂಟೆ ಬೆವರು ಸುರಿಸಬೇಕು ಎಂಬುದು ಸಾಕಿದವರಿಗೇ ಗೊತ್ತು.

ಸ್ಪೆಷಾಲಿಟಿ ಶೋ ಎಂದರೆ

ಎಲ್ಲ ತಳಿಗಳೂ ಸೇರುವ ಪ್ರದರ್ಶನ ಒಂದು ಬಗೆ. ಒಂದೇ ತಳಿಗೆ ಮೀಸಲಾದದ್ದು ಸ್ಪೆಷಾಲಿಟಿ ಶೋ. ಇದನ್ನು ಸಾಮಾನ್ಯವಾಗಿ ಆ ತಳಿಯ ಸಂಘವೇ ನಡೆಸುತ್ತದೆ. ಅಮೆರಿಕದಲ್ಲಿ ಅಫ್ಘನ್ ಹೌಂಡ್ ಕ್ಲಬ್ ಆಫ್ ಅಮೆರಿಕ ನಡೆಸುವ ರಾಷ್ಟ್ರೀಯ ಸ್ಪೆಷಾಲಿಟಿ ಈ ತಳಿಯವರಿಗೆ ಊರಹಬ್ಬವಿದ್ದಂತೆ. ತೀರ್ಪುಗಾರರು ಹೆಚ್ಚಾಗಿ ಇದೇ ತಳಿಯನ್ನು ದಶಕಗಟ್ಟಲೆ ಸಾಕಿ, ಮರಿ ಮಾಡಿಸಿ ಪಳಗಿದವರು. ಅಂಗಳದ ಸುತ್ತ ಕುರ್ಚಿ ಹಾಕಿ ಕೂತವರಲ್ಲಿ ಅರ್ಧದಷ್ಟು ಮಂದಿಗೆ ಕಣಕ್ಕಿಳಿದ ನಾಯಿಯ ಅಜ್ಜಿಯ ಗುಣದೋಷವೂ ಬಾಯಿಪಾಠ.

ಸರ್ವತಳಿ ಪ್ರದರ್ಶನಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ. ಅಲ್ಲಿ ಬಾಕ್ಸರ್, ಬೀಗಲ್‌ಗಳ ನಡುವೆ ನೆಲ ಮುಟ್ಟುವ ರೇಷ್ಮೆಗೂದಲಿನ ನಾಯಿಯೊಂದು ಬಂದರೆ ಜನರೆಲ್ಲ ಅತ್ತಲೇ ತಿರುಗುತ್ತಾರೆ. ಇಲ್ಲಿ ಬಂದ ಪ್ರತಿಯೊಂದು ನಾಯಿಗೂ ಅಂಥದ್ದೇ ಕೂದಲು. ಹಾಗಾಗಿ ಬರೀ ಕೂದಲನ್ನು ನೆಚ್ಚಿ ಬಂದವರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ.

ಕಾಬೂಲಿನಿಂದ ಲಂಡನ್ನಿಗೆ

ಅಫ್ಘನ್ ಹೌಂಡ್ ಕಣ್ಣಿನಿಂದ ಬೇಟೆ ಗುರುತಿಸಿ ಓಡಿ ಹಿಡಿಯುವ ಗುಂಪಿನ ನಾಯಿ. ನಮ್ಮ ಮುಧೋಳ ನಾಯಿಯೂ ಇದೇ ಗುಂಪಿನದು. ಮೈಮೇಲಿನ ಹೊದಿಕೆಯೊಂದನ್ನು ಬಿಟ್ಟರೆ ಉದ್ದ ಮೂತಿ, ಆಳವಾದ ಎದೆ, ಒಳಸರಿದ ಹೊಟ್ಟೆ ಎರಡಕ್ಕೂ ಇವೆ. ಬಾಗಲಕೋಟೆಯ ಬಿಸಿಲಿಗೆ ಗಿಡ್ಡ ಕೂದಲು ಹೊಂದಿತು, ಅಫ್ಘಾನಿಸ್ತಾನದ ಗುಡ್ಡಗಳ ಚಳಿಗೆ ಕಂಬಳಿಯೇ ಬೇಕಾಯಿತು.

ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳ ಕೈಯಿಂದ ಈ ನಾಯಿಗಳು ಇಂಗ್ಲೆಂಡ್ ಸೇರಿದವು. 1907ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಝರ್ದಿನ್ ಎಂಬ ನಾಯಿ ಎಲ್ಲರ ಗಮನ ಸೆಳೆಯಿತು. ಮುಂದೆ ತಳಿಯ ಲಕ್ಷಣಗಳನ್ನು ಬರೆಯುವಾಗ ಅದೇ ಮಾದರಿಯಾಯಿತು. 1920ರ ದಶಕದಲ್ಲಿ ಎರಡು ಧಾರೆಗಳು ಬಂದವು. ಮೇಜರ್ ಬೆಲ್ ಮರ್ರೆ ಸ್ಕಾಟ್ಲೆಂಡ್‌ಗೆ ತಂದವು ಬಯಲು ಪ್ರದೇಶದ ಮಾದರಿ, ಕೂದಲು ಕಡಿಮೆ. ಕಾಬೂಲಿನಲ್ಲಿದ್ದ ಮೇರಿ ಆಂಪ್ಸ್ 1925ರಲ್ಲಿ ತಂದ ‘ಘಜ್ನಿ’ ನಾಯಿಗಳು ಗುಡ್ಡಗಾಡಿನವು, ದಟ್ಟ ಕೂದಲಿನವು. ಯಾವುದು ನಿಜವಾದ ಅಫ್ಘನ್ ಎಂದು ಎರಡು ಬಣಗಳೂ ಸಾಕಷ್ಟು ಜಗಳವಾಡಿದವು. ಇಂದಿನ ನಾಯಿಗಳಲ್ಲಿ ಎರಡೂ ರಕ್ತ ಬೆರೆತಿದೆ. 1983ರಲ್ಲಂತೂ ಒಂದೇ ವರ್ಷ ಇಂಗ್ಲೆಂಡಿನ ಕ್ರಫ್ಟ್ಸ್ ಮತ್ತು ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್, ಎರಡೂ ಕಡೆ ಪ್ರದರ್ಶನದ ಅತ್ಯುತ್ತಮ ನಾಯಿಯ ಪಟ್ಟ ಬೇರೆಬೇರೆ ಅಫ್ಘನ್‌ಗಳಿಗೇ ಸಂದಿತು.

ಎಲ್ಲಿ ಉದ್ದ, ಎಲ್ಲಿ ಗಿಡ್ಡ

ಉದ್ದ ಕೂದಲು ಎಂದರೆ ಮೈಯೆಲ್ಲ ಉದ್ದ ಎಂದಲ್ಲ. ಪಕ್ಕೆ, ತೊಡೆ, ಕಾಲು, ಪಾದಗಳಲ್ಲಿ ಕೂದಲು ಉದ್ದವಾಗಿ, ನವುರಾಗಿ ಇಳಿಯಬೇಕು. ಕಿವಿಯಲ್ಲೂ ಹಾಗೆಯೇ. ನೆತ್ತಿಯ ಮೇಲೆ ರೇಷ್ಮೆಯಂಥ ಜೊಂಪೆ ಇರಬೇಕು. ಆದರೆ ಬಲಿತ ನಾಯಿಯ ಹೆಗಲಿನಿಂದ ಹಿಂದಕ್ಕೆ ಬೆನ್ನುದ್ದಕ್ಕೂ ಗಿಡ್ಡ, ಒತ್ತಾದ ಕೂದಲಿರಬೇಕು. ಕುದುರೆಯ ಬೆನ್ನಿಗೆ ಜೀನು ಹಾಕಿದಂತೆ ಕಾಣುವ ಈ ಪಟ್ಟಿಯನ್ನು ‘ಸ್ಯಾಡಲ್’ ಎನ್ನುತ್ತಾರೆ. ಮೂತಿಯೂ ನುಣುಪು. ಪಾದದ ಮೇಲ್ಗಂಟಿನ ಬಳಿ ಸಹಜವಾಗಿ ಗಿಡ್ಡ ಕೂದಲಿದ್ದರೆ ಅದೂ ಒಪ್ಪಿಗೆಯೇ.

ಈ ಸ್ಯಾಡಲ್ ತಾನಾಗಿಯೇ ಮೂಡಬೇಕು. ಸತ್ತ ಮರಿಗೂದಲು ಉದುರದೆ ಬೆನ್ನಿಗಂಟಿ ನಿಂತಿದ್ದರೆ ಬೆರಳಲ್ಲಿ ಮೆಲ್ಲಗೆ ಎಳೆದು ತೆಗೆಯುವುದನ್ನು ತಳಿಯವರು ತಪ್ಪೆನ್ನುವುದಿಲ್ಲ. ಮೆಷಿನ್ ಹಾಕಿ ಬೋಳಿಸಿದರೆ ಮಾತ್ರ ಅನುಭವಿ ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ. ಕೂದಲ ತುದಿಗಳೆಲ್ಲ ಒಂದೇ ಮಟ್ಟದಲ್ಲಿ ಮೊಂಡಾಗಿ, ಬಣ್ಣವೂ ಬೇರೆಯಾಗಿ ಕಾಣುತ್ತದೆ.

ಸಿಕ್ಕಿನ ವರ್ಷ

ಅಫ್ಘನ್ ಮರಿಗೆ ಮುಖದ ಇಕ್ಕೆಲಗಳಲ್ಲಿ ಪುಸುಪುಸು ಗಡ್ಡ ಇರುತ್ತದೆ. ಸಾಕುವವರು ಅದಕ್ಕಿಟ್ಟ ಹೆಸರು ಮಂಗನ ಮೀಸೆ. ನೋಡಲು ತಮಾಷೆ, ಬೆಳೆದಂತೆ ಉದುರಿಹೋಗುತ್ತದೆ. ತಮಾಷೆಯಲ್ಲದ್ದು ಅದರ ನಂತರದ ಕಾಲ. ಸುಮಾರು ಒಂದು ವರ್ಷ ತುಂಬುವ ಹೊತ್ತಿಗೆ ಮರಿಯ ಮೆತ್ತನೆ ಕೂದಲು ಸತ್ತು ಬಲಿತ ಕೂದಲು ಹುಟ್ಟತೊಡಗುತ್ತದೆ. ಸತ್ತದ್ದು ನೆಲಕ್ಕೆ ಬೀಳುವ ಬದಲು ಹೊಸದಕ್ಕೆ ಸುತ್ತಿಕೊಳ್ಳುತ್ತದೆ. ಬೆಳಿಗ್ಗೆ ಬಿಡಿಸಿದ ಸಿಕ್ಕು ಸಂಜೆಗೆ ಮತ್ತೆ ಹಾಜರು. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕೊರಳಪಟ್ಟಿ ಉಜ್ಜುವ ಕಡೆ ಅದು ಮೊದಲು ಕಟ್ಟುತ್ತದೆ. ಎರಡು ದಿನ ಅಲಕ್ಷ್ಯ ಮಾಡಿದರೆ ಕಂಬಳಿಯಂತೆ ಒತ್ತಿಕೊಂಡು ಚರ್ಮವನ್ನೇ ಎಳೆಯುತ್ತದೆ.

ಸಿಕ್ಕು ಬಿಡಿಸುವುದಕ್ಕೆ ಬೆರಳಿಗಿಂತ ಒಳ್ಳೆಯ ಸಾಧನ ಇಲ್ಲ. ಗಂಟಿಗೆ ಕಂಡೀಷನರ್ ಬೆರೆಸಿದ ನೀರು ಚಿಮುಕಿಸಿ, ಎರಡು ಕೈಯಿಂದ ಅಡ್ಡಡ್ಡ ಹಿಂಜುತ್ತಾ ಎಳೆ ಎಳೆಯಾಗಿ ಬಿಡಿಸಬೇಕು. ಆಮೇಲೆ ತುದಿಯಿಂದ ಬುಡಕ್ಕೆ ಬ್ರಷ್ ಮಾಡಬೇಕು. ಬುಡದಿಂದಲೇ ಬಾಚಣಿಗೆ ಎಳೆದರೆ ಕೂದಲು ಕೀಳುತ್ತದೆ, ಜೊತೆಗೆ ನಾಯಿ ನಿಮ್ಮನ್ನು ನಂಬುವುದನ್ನೂ ಬಿಡುತ್ತದೆ. ಜಡೆ ಹಾಕಿಸಿಕೊಳ್ಳಲು ಕೂತು ‘ಅಮ್ಮಾ’ ಎಂದು ಕಿರುಚಿದ ಯಾರಿಗಾದರೂ ಇದನ್ನು ವಿವರಿಸಬೇಕಿಲ್ಲ.

ಪದರ ಬಾಚುವುದು, ತೊಳೆಯುವುದು

ದಿನನಿತ್ಯದ ಕೆಲಸಕ್ಕೆ ನಾಯಿಯನ್ನು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸುತ್ತಾರೆ. ಮರಿಯಿದ್ದಾಗಲೇ ಇದನ್ನು ರೂಢಿಸಬೇಕು. ಇಪ್ಪತ್ತೈದು ಕಿಲೋ ತೂಗುವ ವಯಸ್ಕ ನಾಯಿಗೆ ಹೊಸದಾಗಿ ಕಲಿಸುವುದು ಕುಸ್ತಿಯಾಗುತ್ತದೆ. ಹೊಟ್ಟೆಯ ಕೆಳಭಾಗದಿಂದ ಶುರು ಮಾಡಿ ಬೈತಲೆ ತೆಗೆದು, ಬೈತಲೆಯ ಕೆಳಗಿನ, ಸಿಕ್ಕು ಬಿಡಿಸಿದ ಪದರವನ್ನಷ್ಟೇ ಚರ್ಮದಿಂದ ತುದಿಯವರೆಗೆ ಪಿನ್ ಬ್ರಷ್‌ನಲ್ಲಿ ಬಾಚುವುದು. ಅದು ಮುಗಿದ ಮೇಲೆ ಒಂದು ಬೆರಳಗಲ ಮೇಲೆ ಇನ್ನೊಂದು ಬೈತಲೆ. ಹೀಗೆ ಬೆನ್ನಿನವರೆಗೆ. ಮೇಲ್ಪದರಕ್ಕಷ್ಟೇ ಬ್ರಷ್ ಆಡಿಸಿದರೆ ಹೊರಗೆ ಹೊಳಪು, ಒಳಗೆ ಜಡೆ. ಹೊಸಬರ ಸಾಮಾನ್ಯ ತಪ್ಪು ಇದೇ. ಒಣಕೂದಲಿಗೆ ಬ್ರಷ್ ಹಾಕಿದರೆ ಎಳೆ ಮುರಿಯುವುದರಿಂದ ಮೊದಲು ತುಂತುರು ನೀರು ಹಾಕುತ್ತಾರೆ.

ಪ್ರದರ್ಶನಕ್ಕೆ ಹೋಗುವ ನಾಯಿಗೆ ವಾರಕ್ಕೊಂದು ಸ್ನಾನ ಸಾಮಾನ್ಯ. ಕೊಳೆಯಾದ ಕೂದಲು ಬೇಗ ಸಿಕ್ಕಾಗುತ್ತದೆ, ಹಾಗಾಗಿ ತೊಳೆದಷ್ಟೂ ಕೂದಲು ಉಳಿಯುತ್ತದೆ. ಸಿಕ್ಕು ಬಿಡಿಸದೆ ಮಾತ್ರ ನೀರು ಮುಟ್ಟಿಸಬಾರದು. ನೆನೆದು ಒಣಗಿದ ಗಂಟು ಹುರಿಯಂತೆ ಬಿಗಿಯುತ್ತದೆ. ಶಾಂಪೂವನ್ನು ನೀರಿನಲ್ಲಿ ತೆಳುಮಾಡಿ ಸುರಿದು, ಕೂದಲು ಬೆಳೆದ ದಿಕ್ಕಿನಲ್ಲೇ ಕೈಯಲ್ಲಿ ಹಿಂಡಬೇಕು. ಬಟ್ಟೆ ಒಗೆದಂತೆ ಉಜ್ಜಿದರೆ ಮುಗಿಯಿತು. ಟವೆಲ್ ಕೂಡ ಒತ್ತುವುದಕ್ಕೆ ಮಾತ್ರ.

ಒಣಗಿಸುವುದು ಎಲ್ಲಕ್ಕಿಂತ ದೀರ್ಘ. ಸ್ಟ್ಯಾಂಡಿಗೆ ಸಿಕ್ಕಿಸಿದ ಡ್ರೈಯರ್‌ನ ಗಾಳಿ ಬೀಳುವ ಕಡೆಯೇ ಬ್ರಷ್ ಆಡುತ್ತಿರಬೇಕು, ಆಗಷ್ಟೇ ಕೂದಲು ನೇರವಾಗಿ ನಿಲ್ಲುತ್ತದೆ. ತೇವ ಉಳಿದ ಜಾಗ ಗುಂಗುರಾಗುತ್ತದೆ, ನಮ್ಮ ಮಳೆಗಾಲದಂಥ ಹವೆಯಲ್ಲಿ ಚರ್ಮಕ್ಕೂ ಕೇಡು. ಸ್ನಾನ, ಒಣಗಿಸುವುದು, ಬಾಚುವುದು ಎಲ್ಲ ಸೇರಿ ಅರ್ಧ ದಿನ ಕಳೆದಿರುತ್ತದೆ.

ಕುಲಾವಿ ತೊಟ್ಟ ನಾಯಿಗಳು

ಇಷ್ಟು ಕಷ್ಟಪಟ್ಟ ಕೂದಲನ್ನು ಕಾಯುವ ಬಗೆಗಳು ಹೊರಗಿನವರಿಗೆ ನಗು ತರಿಸಬಹುದು. ನಾಯಿ ಬಾಗಿ ಉಣ್ಣುವಾಗ ಕಿವಿಯ ಉದ್ದ ಕೂದಲು ತಟ್ಟೆಗೆ ಬೀಳುತ್ತದೆ, ಮರುಕ್ಷಣ ಅದೇ ಕೂದಲು ಹಲ್ಲಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಅದಕ್ಕೇ ತಲೆ ಮತ್ತು ಕತ್ತು ಮುಚ್ಚುವ ಎಲಾಸ್ಟಿಕ್ ಬಟ್ಟೆಯ ‘ಸ್ನೂಡ್’ ತೊಡಿಸುತ್ತಾರೆ. ಕೂಸಿಗೆ ಹಾಕುವ ಕುಲಾವಿಯ ದೊಡ್ಡಣ್ಣ ಅದು. ಹುಲ್ಲು ಒದ್ದೆಯಿದ್ದರೆ ಕಾಲಿಗೆ ಚೀಲ. ಪ್ರದರ್ಶನದ ಬೆಳಿಗ್ಗೆ ಗುಡಾರಗಳ ನಡುವೆ ಹೂವಿನ ಚಿತ್ರದ ಕುಲಾವಿ ತೊಟ್ಟು, ಯಾರನ್ನೂ ಲೆಕ್ಕಿಸದೆ ದೂರದಲ್ಲೆಲ್ಲೋ ದೃಷ್ಟಿ ನೆಟ್ಟು ನಿಂತ ಈ ನಾಯಿಗಳ ಗತ್ತು ಮಾತ್ರ ಎಳ್ಳಷ್ಟೂ ಕುಂದಿರುವುದಿಲ್ಲ.

ಅಂಗಳದಲ್ಲಿ ಕೈಯೇ ಕಣ್ಣು

ಅಮೆರಿಕನ್ ಪದ್ಧತಿಯಲ್ಲಿ ಇನ್ನೂ ಚಾಂಪಿಯನ್ ಆಗದ ಗಂಡು ಮತ್ತು ಹೆಣ್ಣು ನಾಯಿಗಳು ಬೇರೆಬೇರೆಯಾಗಿ, ವಯಸ್ಸಿನ ಪ್ರಕಾರ ಮತ್ತು ಇತರ ವರ್ಗಗಳಲ್ಲಿ ಸ್ಪರ್ಧಿಸುತ್ತವೆ. ಪ್ರತಿ ಲಿಂಗದಲ್ಲಿ ಕೊನೆಗೆ ಗೆದ್ದದ್ದಕ್ಕೆ ಅಂಕಗಳು. ಹೀಗೆ 15 ಅಂಕ ಕೂಡಿದರೆ ಚಾಂಪಿಯನ್. ಅದರಲ್ಲಿ ಮೂರು ಅಥವಾ ಹೆಚ್ಚು ಅಂಕದ ಎರಡು ದೊಡ್ಡ ಗೆಲುವುಗಳು ಬೇರೆಬೇರೆ ತೀರ್ಪುಗಾರರಿಂದ ಬಂದಿರಬೇಕು. ಬ್ರಿಟನ್ನಿನಲ್ಲಿ ಮೂವರು ಬೇರೆಬೇರೆ ತೀರ್ಪುಗಾರರಿಂದ ಮೂರು ಚಾಲೆಂಜ್ ಸರ್ಟಿಫಿಕೇಟ್ ಪಡೆಯಬೇಕು. ಇನ್ನೊಂದು ಸಣ್ಣ ಗೊಂದಲ: ಅಮೆರಿಕದಲ್ಲಿ ಮೊದಲ ಸ್ಥಾನದ ಬಣ್ಣ ನೀಲಿ, ಎರಡನೆಯದು ಕೆಂಪು. ಬ್ರಿಟನ್ನಿನಲ್ಲಿ ಅದು ತಿರುಗುಮುರುಗು.

ಪರೀಕ್ಷೆಯ ಹೊತ್ತಿಗೆ ನಾಯಿಯನ್ನು ನೆಲದ ಮೇಲೆ ನಾಲ್ಕೂ ಕಾಲು ಸರಿಯಾಗಿ ಊರಿಸಿ ನಿಲ್ಲಿಸುತ್ತಾರೆ. ತೀರ್ಪುಗಾರರು ಮೊದಲು ದೂರದಿಂದ ನೋಡುತ್ತಾರೆ, ಆಮೇಲೆ ಕೂದಲೊಳಗೆ ಕೈ ತೂರಿಸುತ್ತಾರೆ. ಹಲ್ಲು, ಹೆಗಲಿನ ಓರೆ, ಎದೆಯ ಆಳ, ಎದ್ದು ಕಾಣಬೇಕಾದ ಸೊಂಟದ ಮೂಳೆಗಳು, ಎರಡು ಮೂಳೆಗಳ ನಡುವಿನ ಅಗಲ, ದೊಡ್ಡ ಪಾದ, ತುದಿಯಲ್ಲಿ ಉಂಗುರದಂತೆ ಬಾಗಿದ ಬಾಲ. ದಟ್ಟ ಕೂದಲಡಿ ನಾಯಿ ಬಡಕಲಾಗಿದೆಯೋ, ಬೊಜ್ಜು ಬೆಳೆಸಿದೆಯೋ ಕಣ್ಣಿಗೆ ತಿಳಿಯದು, ಬೆರಳಿಗೆ ತಿಳಿಯುತ್ತದೆ.

ಕೊನೆಗೆ ನಡಿಗೆ. ನೇರ ಹೋಗಿ ನೇರ ಬರುವುದು, ಆಮೇಲೆ ಒಂದು ಸುತ್ತು. ಅಫ್ಘನ್‌ನ ಓಟದಲ್ಲಿ ಸ್ಪ್ರಿಂಗಿನಂಥ ಪುಟಿತ ಇರಬೇಕು, ತಲೆ ಎತ್ತಿರಬೇಕು. ಲೀಡ್ ಸಡಿಲವಾಗಿ ಹಿಡಿದರೆ ಚೆಂದ. ಹಗ್ಗ ಬಿಗಿಹಿಡಿದು ಕತ್ತು ಮೇಲೆತ್ತಿಸಿ ಓಡಿಸುವವರು ನಾಯಿಯ ಚೆಲುವು ತೋರಿಸುವುದಿಲ್ಲ, ತಮ್ಮ ಅಧೈರ್ಯ ತೋರಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. ರಾಷ್ಟ್ರೀಯ ಸ್ಪೆಷಾಲಿಟಿಗಳ ಆಸುಪಾಸಿನಲ್ಲಿ ಕೃತಕ ಬೇಟೆಯ ಹಿಂದೆ ಓಡಿಸುವ ಸ್ಪರ್ಧೆಯೂ ಇರುವುದುಂಟು. ಅಲ್ಲಿ ಇದೇ ರೇಷ್ಮೆಗೂದಲು ಮಣ್ಣು, ಹುಲ್ಲುಬೀಜ ಮೆತ್ತಿಕೊಂಡು ಬರುತ್ತದೆ. ನಾಯಿಗೆ ಮಾತ್ರ ಆ ಹೊತ್ತೇ ಹಬ್ಬ.

ಮಾಡಬಾರದ್ದು

ಕೂದಲಿನ ಸಹಜ ಬಣ್ಣ, ಗುಣ, ದಪ್ಪವನ್ನು ಬದಲಿಸುವ ಯಾವುದೇ ವಸ್ತು ಪ್ರದರ್ಶನದ ವೇಳೆ ಮೈಮೇಲಿರಬಾರದು ಎಂಬುದು ಬ್ರಿಟಿಷ್ ಕೆನಲ್ ಕ್ಲಬ್ಬಿನ ನಿಯಮ. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಇನ್ನೂ ಕಟ್ಟುನಿಟ್ಟು. ಪ್ರದರ್ಶನದ ಆವರಣದೊಳಗೆ ಬಾಚುವುದು, ಬ್ರಷ್ ಮಾಡುವುದು ಬಿಟ್ಟರೆ ಬೇರೇನೂ ಇಲ್ಲ, ನಾಯಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಮೇಜಿಗೆ ಕಟ್ಟಿಹಾಕುವುದಕ್ಕೂ ನಿಷೇಧ. ಈ ಕೊನೆಯ ನಿಯಮಕ್ಕೆ ಇನ್ನಷ್ಟು ಬಿಗಿ ಇದ್ದರೂ ನನಗೆ ಒಪ್ಪಿಗೆಯೇ.

ಸಾಕಬೇಕೆನ್ನುವವರಿಗೆ

ಚಿತ್ರ ನೋಡಿ ಮರುಳಾಗಿ ಅಫ್ಘನ್ ಮರಿ ತರಬೇಕೆಂದಿರುವವರು ಮೊದಲು ಬೆಳೆದ ನಾಯಿ ಇರುವ ಮನೆಗೆ ಸ್ನಾನದ ದಿನವೇ ಹೋಗಿ, ಕೊನೆಯ ಎಳೆ ಒಣಗುವವರೆಗೆ ಜೊತೆಗಿರಿ. ಸಾಧ್ಯವಾದರೆ ನೀವೂ ಒಂದು ಬದಿ ಬಾಚಿ ನೋಡಿ. ಪ್ರದರ್ಶನದ ಹಂಬಲ ಇಲ್ಲದಿದ್ದರೆ ಕೂದಲು ಗಿಡ್ಡ ಮಾಡಿಸಿ ಸಾಕಲು ಯಾವ ಅಡ್ಡಿಯೂ ಇಲ್ಲ. ಕಣದಿಂದ ನಿವೃತ್ತಿಯಾದ ಎಷ್ಟೋ ಚಾಂಪಿಯನ್‌ಗಳು ಮನೆಯಲ್ಲಿ ಹಾಗೆಯೇ ಇರುತ್ತವೆ.