ಬಿಲ್ಲಿನ ಮೇಲಣ ಗರಿ

ಬಾಣಕ್ಕೆ ಗರಿಯುಂಟೆಂಬುದು ಎಲ್ಲರೂ ಬಲ್ಲ ಸಂಗತಿ. ಬಿಲ್ಲಿಗೂ ಗರಿಯನ್ನು ಅಂಟಿಸುವುದುಂಟೆಂಬುದು ನಮಗೆ ಈಚಿನವರೆಗೂ ತಿಳಿದಿರಲಿಲ್ಲ. ಹಿಂದೆ ನಮ್ಮಲ್ಲಿ ಓದಿ, ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಉದ್ಯೋಗದಲ್ಲಿರುವ ತರುಣರೊಬ್ಬರು ಕೆಲವು ತಿಂಗಳ ಹಿಂದೆ ನಮ್ಮ ಮನೆಗೆ ಒಂದು ಹಳೆಯ ಬಿಲ್ಲನ್ನು ತಂದರು. ಅದು ಅವರ ದೊಡ್ಡಪ್ಪನವರು ಅಮೆರಿಕೆಯಲ್ಲಿದ್ದಾಗ ಕೊಂಡದ್ದು. ಮರದ ಪಟ್ಟಿಗಳನ್ನೂ ಗಾಜಿನ ನಾರನ್ನೂ ಒಂದರ ಮೇಲೊಂದು ಬೆಸೆದು ಮಾಡಿದ್ದು. ಹಿಡಿಯ ಮೇಲ್ಗಡೆ ಒಂದು ಸಣ್ಣ ಮೆಟ್ಟಿಲಿನಂತೆ ಮರವನ್ನು ಕೆತ್ತಿದ್ದರು. ಆ ಮೆಟ್ಟಿಲಿನ ಮೇಲೆ ಬೆರಳಗಲದ ಗರಿಯ ತುಣುಕೊಂದು, ಅರ್ಧ ಸವೆದು, ಅಂಟಿಕೊಂಡಿದ್ದಿತು.

“ಮೇಷ್ಟ್ರೇ, ಇದನ್ನು ಕಿತ್ತುಹಾಕಿ, ಪೀಣ್ಯದಲ್ಲಿ ಒಂದು ತೂತು ಕೊರೆಯಿಸಿ, ಲೋಹದ ಆಸರೆಯೊಂದನ್ನು ಕೂರಿಸೋಣವೆಂದಿದ್ದೇನೆ. ತಾವು ಏನು ಹೇಳುತ್ತೀರಿ?” ಎಂದು ಅವರು ಕೇಳಿದರು. ನಾವು ಚರಿತ್ರೆಯನ್ನು ಬೋಧಿಸುವವರೇ ಹೊರತು ಬಿಲ್ಗಾರರಲ್ಲ. ಒಂದು ವಾರದ ಅವಧಿಯನ್ನು ಬೇಡಿದೆವು. ಆ ವಾರದ ವಿಚಾರವೇ ಈ ಭಾಷಣಕ್ಕೆ ಮೂಲವಾಯಿತು.

ಮೊದಲು ಗರಿಯ ಕೆಲಸವೇನೆಂಬುದನ್ನು ನೋಡೋಣ. ಹೆದೆಯನ್ನು ಬಿಟ್ಟೊಡನೆ ಬಾಣವು ನೇರವಾಗಿ ಮುಂದಕ್ಕೆ ಹೋಗುವುದೆಂದು ನಾವೆಲ್ಲರೂ ಭಾವಿಸುವೆವು. ವಾಸ್ತವದಲ್ಲಿ ಹಾಗಲ್ಲ. ಬಿಲ್ಲಿನ ದಂಡವು ದಾರಿಗೆ ಅಡ್ಡವಾಗಿರುವುದರಿಂದ, ಹಿಂದಿನಿಂದ ತಳ್ಳಲ್ಪಟ್ಟ ಬಾಣವು ಬಳುಕಿ, ಹಾವಿನಂತೆ ದಂಡವನ್ನು ಬಳಸಿಕೊಂಡು, ಆಮೇಲೆ ತನ್ನ ಗುರಿಯ ಕಡೆಗೆ ನೆಟ್ಟಗಾಗುವುದು. ಈ ವಿಚಿತ್ರಕ್ಕೆ ರಾಬರ್ಟ್ ಎಲ್ಮರ್ ಎಂಬ ಅಮೆರಿಕದ ವೈದ್ಯರು 1913ರಲ್ಲಿ ‘ಬಿಲ್ಗಾರನ ವಿರೋಧಾಭಾಸ’ವೆಂದು ಹೆಸರಿಟ್ಟರು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿಗಳು ಅತಿವೇಗದ ಛಾಯಾಚಿತ್ರಗಳಿಂದ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಹೀಗೆ ಬಳುಕಿ ಹೋಗುವ ಬಾಣದ ಹಿಂಭಾಗದ ಗರಿಯು ಬಿಲ್ಲಿನ ಮೆಟ್ಟಿಲನ್ನು ಸವರಿಕೊಂಡು ಹೋಗಲೇಬೇಕು. ಮೆಟ್ಟಿಲು ಬರಿಯ ಮರವಾಗಿದ್ದರೆ ಮರವೂ ಸವೆಯುವುದು, ಬಾಣದ ಗರಿಯೂ ಹರಿಯುವುದು. ಅಲ್ಲಿ ಗರಿಯ ತುಣುಕೊಂದಿದ್ದರೆ, ಗರಿಯು ಗರಿಯ ಮೇಲೆ ಜಾರುವುದು. ಒಂದು ಕ್ಷಣ ಬಾಗಿ ದಾರಿಬಿಟ್ಟು, ಮರುಕ್ಷಣ ಮೊದಲಿನಂತೆ ಏಳುವುದು. ಎಳೆಗಳು ಬಾಣ ಹೋಗುವ ದಿಕ್ಕಿಗೇ ಒರಗಿರುವಂತೆ ಅದನ್ನು ಅಂಟಿಸುವುದೇ ಇದರ ಗುಟ್ಟು. ಪ್ಲಾಸ್ಟಿಕ್ಕಿನ ರೆಕ್ಕೆಗಳುಳ್ಳ ಬಾಣಕ್ಕೆ ಈ ಏರ್ಪಾಡು ಹಿಡಿಸದು. ಆ ರೆಕ್ಕೆ ಸುಲಭವಾಗಿ ಬಾಗದೆ ಮೆಟ್ಟಿಲಿಗೆ ತಗುಲಿ ಬಾಣವನ್ನು ಓರೆಮಾಡುವುದು. ಹಳೆಯ ಬಿಲ್ಲಿಗೆ ಹಕ್ಕಿಯ ಗರಿಯ ಬಾಣವೇ ತಕ್ಕ ಜೊತೆ.

ಇನ್ನು ನಮ್ಮ ದೇಶದ ಮಾತು. ನಮ್ಮ ಹಳೆಯ ಬಿಲ್ಲುಗಳಲ್ಲಿ ಸಾಮಾನ್ಯವಾಗಿ ಮೆಟ್ಟಿಲೇ ಇರಲಿಲ್ಲ. ಬಿಲ್ಲನ್ನು ಹಿಡಿದ ಕೈಯೇ ಬಾಣಕ್ಕೆ ಆಸನ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡುಹಿಡಿದು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಆಯುಧಾಗಾರದ ಅಧ್ಯಾಯದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ಬಗೆಯ ಬಿಲ್ಲುಗಳನ್ನು ಹೇಳುವುದು. ಹೆದೆಗೆ ಮೂರ್ವೆ, ಎಕ್ಕ, ಸೆಣಬು, ಬಿದಿರು, ನರ ಮೊದಲಾದುವನ್ನು ಎಣಿಸುವುದು. ಗರಿಯ ವಿಷಯದಲ್ಲಿಯೂ ನಮ್ಮವರು ಉದಾಸೀನರಾಗಿರಲಿಲ್ಲ. ಕಂಕವೆಂಬ ಬಕಜಾತಿಯ ಹಕ್ಕಿಯ ಗರಿಯನ್ನು ಕಟ್ಟಿದ ಬಾಣಕ್ಕೆ ‘ಕಂಕಪತ್ರ’ವೆಂದೇ ಹೆಸರು. ಹದ್ದಿನ ಗರಿಯ ಬಾಣಗಳೂ ಮಹಾಭಾರತದಲ್ಲಿ ಮತ್ತೆ ಮತ್ತೆ ಬರುವುವು.

ಕೈಯೇ ಆಸನವಾದರೆ ಬಾಣವು ಬಿಲ್ಲಿನ ಯಾವ ಪಕ್ಕದಲ್ಲಿ ಕೂರಬೇಕು? ಇದು ಸಣ್ಣ ಪ್ರಶ್ನೆಯಂತೆ ತೋರಿದರೂ ಚರಿತ್ರೆಯ ದೃಷ್ಟಿಯಿಂದ ಸಣ್ಣದಲ್ಲ. ಯೂರೋಪಿನವರು ಹೆದೆಯನ್ನು ಮೂರು ಬೆರಳುಗಳಿಂದ ಸೆಳೆಯುವರು. ಎಡಗೈಯಲ್ಲಿ ಬಿಲ್ಲು ಹಿಡಿದವನಿಗೆ ಬಾಣವು ದಂಡದ ಎಡಕ್ಕೆ, ತೋರುಬೆರಳಿನ ಗೆಣ್ಣಿನ ಮೇಲೆ ಕೂರುವುದು. ತುರುಕರೂ ಏಷ್ಯದ ಇತರ ಜನಾಂಗಗಳೂ ಹೆಬ್ಬೆರಳಿನಿಂದ ಸೆಳೆಯುವರು. ಅವರ ಬಾಣವು ದಂಡದ ಬಲಕ್ಕೆ, ಬಿಲ್ಲು ಹಿಡಿದ ಕೈಯ ಹೆಬ್ಬೆರಳಿನ ಮೇಲೆ ಕೂರುವುದು. ಏಕಲವ್ಯನ ಕಥೆಯನ್ನು ಈ ಬೆಳಕಿನಲ್ಲಿ ಓದಿದರೆ ದ್ರೋಣನು ಕೇಳಿದ ಗುರುದಕ್ಷಿಣೆಯ ಕ್ರೌರ್ಯವು ಇನ್ನೂ ಸ್ಪಷ್ಟವಾಗುವುದು. ಹೆಬ್ಬೆರಳನ್ನು ಕೊಟ್ಟ ಬಳಿಕ ಅವನು ಉಳಿದ ಬೆರಳುಗಳಿಂದ ಎಚ್ಚನು, ಆದರೆ ಮೊದಲಿನ ಶೀಘ್ರತೆ ಉಳಿಯಲಿಲ್ಲವೆಂದು ವ್ಯಾಸಭಾರತವು ಹೇಳುವುದು.

ಕನ್ನಡ ನಾಡಿನಲ್ಲಿ ಇದಕ್ಕೆ ಸಾಕ್ಷ್ಯವನ್ನು ಹುಡುಕುವವರು ವೀರಗಲ್ಲುಗಳ ಬಳಿಗೆ ಹೋಗಬೇಕು. ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೊಸೂರು ರಸ್ತೆಯಲ್ಲಿ ದಿನವೂ ಸಾವಿರಾರು ಜನರು ಹೋಗಿಬರುವರು. ಆ ರಸ್ತೆಯ ಪಶ್ಚಿಮಕ್ಕೆ ಬೇಗೂರು ಇದೆ. ಗಂಗರ ಕಾಲದ ಬೆಂಪೂರು ಅದೇ. ಗಂಗ ದೊರೆ ಎರೆಯಪ್ಪನ ಕಾಲದಲ್ಲಿ, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ನಾಗತ್ತರನೆಂಬ ಸಾಮಂತನು ಮಡಿದನು. ಆ ಬಳಿಕ ದೊರೆಯು ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ದತ್ತಿಯಾಗಿ ಕೊಟ್ಟನೆಂದು ಶಾಸನವುಳ್ಳ ಕಲ್ಲು ತಿಳಿಸುವುದು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿ ಉಳಿಯಿತು. ‘ಬೆಂಗಳೂರು’ ಎಂಬ ಹೆಸರು ಬರುವ, ಸುಮಾರು 900ರ ಕಾಲದ ಶಾಸನವೂ ಬೇಗೂರಿನದೇ. ಅದೂ ಒಂದು ಕಾಳಗದಲ್ಲಿ ಸತ್ತವನ ನೆನಪು.

ವೀರಗಲ್ಲುಗಳಲ್ಲಿ ಬಿಲ್ಗಾರರು ಅಪರೂಪವಲ್ಲ. ಕೇಳುಗರು ಮುಂದೆ ಅಂತಹ ಕಲ್ಲೊಂದರ ಮುಂದೆ ನಿಂತಾಗ ಒಂದು ಪರೀಕ್ಷೆಯನ್ನು ಮಾಡಬಹುದು. ಬಿಲ್ಲು ಎಡಗೈಯಲ್ಲಿದ್ದು ವೀರನ ಎದೆಯು ನಮ್ಮ ಕಡೆಗಿದ್ದರೆ, ಬಾಣವು ದಂಡದ ಮುಂದೆ ಹಾಯ್ದಿದೆಯೋ ಹಿಂದೆ ಮರೆಯಾಗಿದೆಯೋ ನೋಡಿರಿ. ಮುಂದೆ ಹಾಯ್ದಿದ್ದರೆ ಅದು ಹೆಬ್ಬೆರಳಿನ ಸೆಳೆತಕ್ಕೆ ಒಪ್ಪುವುದು. ಮರೆಯಾಗಿದ್ದರೆ ಮೂರು ಬೆರಳಿನದಕ್ಕೆ. ಶಿಲ್ಪಿಯು ಛಾಯಾಗ್ರಾಹಕನಲ್ಲವೆಂಬುದು ನಿಜ. ಒಂದು ಕಲ್ಲಿನಿಂದ ಏನನ್ನೂ ಸಾಧಿಸಲಾಗದು; ನೂರು ಕಲ್ಲುಗಳಿಂದ ಸಾಧಿಸಬಹುದು. ಆದರೆ ಕಲ್ಲುಗಳು ಉಳಿದಿದ್ದರೆ ತಾನೆ?

ಬಿಲ್ಲಿನ ವಿದ್ಯೆಯು ರಾಜ್ಯಗಳ ಭಾಗ್ಯವನ್ನೇ ತಿರುಗಿಸಬಲ್ಲುದೆಂಬುದಕ್ಕೆ ವಿಜಯನಗರದಲ್ಲಿ ಪ್ರಸಿದ್ಧ ನಿದರ್ಶನವಿದೆ. ಇಮ್ಮಡಿ ದೇವರಾಯನು (1422–1446) ಬಹಮನಿಗಳ ಮುಂದೆ ತಮ್ಮವರು ಸೋಲುವುದೇಕೆಂದು ಆಲೋಚನಾಸಭೆಯಲ್ಲಿ ಕೇಳಿದನಂತೆ. ಅವರ ಕುದುರೆಗಳು ಬಲವಾದುವು, ಅವರ ಬಿಲ್ಗಾರರು ನಿಪುಣರು ಎಂಬ ಎರಡು ಕಾರಣಗಳನ್ನು ಕೇಳಿದ ಮೇಲೆ, ದೊರೆಯು ಮುಸಲ್ಮಾನ ಬಿಲ್ಗಾರರನ್ನು ನೇಮಿಸಿಕೊಂಡು, ಅವರಿಗೆ ಜಹಗೀರುಗಳನ್ನು ಕೊಟ್ಟು, ಸಿಂಹಾಸನದ ಮುಂದೆ ಕುರಾನನ್ನು ಇರಿಸಿ, ತನ್ನ ಹಿಂದೂ ಸೈನಿಕರಿಗೆ ಅವರಿಂದ ಬಿಲ್ವಿದ್ಯೆಯನ್ನು ಕಲಿಸಿದನೆಂದು ಬಿಜಾಪುರದ ಆಸ್ಥಾನದಲ್ಲಿದ್ದ ಫರಿಷ್ತನು ಬರೆದಿರುವನು. ಎರಡು ಸಾವಿರ ಮುಸಲ್ಮಾನರು, ಅರುವತ್ತು ಸಾವಿರ ಹಿಂದೂ ಬಿಲ್ಗಾರರು ಎಂಬ ಅವನ ಅಂಕಿಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಹಂಪೆಯಲ್ಲಿ ಅಹಮದ್ ಖಾನನೆಂಬ ಅಧಿಕಾರಿಯು 1439ರಲ್ಲಿ ಕಟ್ಟಿಸಿದ ಕಟ್ಟಡವೂ ಅದರ ಕನ್ನಡ ಶಾಸನವೂ ಇಂದಿಗೂ ಇರುವುದರಿಂದ, ಕಥೆಯ ತಿರುಳು ಸುಳ್ಳಲ್ಲ. ಬೆರಳನ್ನು ಹೆದೆಯ ಮೇಲೆ ಇರಿಸುವ ಕ್ರಮವನ್ನು ಎದುರಾಳಿಯಿಂದಲೂ ಕಲಿಯಬಹುದೆಂದು ಆ ದೊರೆಯು ಬಗೆದನು.

ವಾರವು ಕಳೆಯಿತು. ಆ ತರುಣರು ಮರಳಿ ಬಂದಾಗ ನಾವು ನಮ್ಮ ವಾದವನ್ನು ಸಿದ್ಧಮಾಡಿಕೊಂಡಿದ್ದೆವು. ಆದರೆ ಅದಕ್ಕೆ ಎಡೆಯೇ ಬರಲಿಲ್ಲ. ನಮ್ಮ ಉತ್ತರಕ್ಕೆ ಕಾಯದೆ ಅವರು ಬಿಲ್ಲನ್ನು ಪೀಣ್ಯದ ಒಂದು ಸಣ್ಣ ಯಂತ್ರಶಾಲೆಗೆ ಒಯ್ದಿದ್ದರು. ಅಲ್ಲಿಯ ಮುದುಕ ಮೇಸ್ತ್ರಿಯು ಅದನ್ನು ಕೈಯಲ್ಲಿ ಹಿಡಿದು, ಪಟ್ಟಿಗಳ ಬೆಸುಗೆಯನ್ನು ಉಗುರಿನಿಂದ ಸವರಿ ನೋಡಿ, “ತೂತು ಹೊಡೆಯೋಕೆ ಒಂದು ಗಳಿಗೆ ಸಾಕು ಸಾರ್. ಹೊಡೆದ ತೂತನ್ನ ತಿರುಗಿ ಮರ ಮಾಡೋಕೆ ನನ್ನ ಕೈಲಾಗಲ್ಲ” ಎಂದು ಹಿಂದಕ್ಕೆ ಕೊಟ್ಟನಂತೆ. ಬೆಸೆದ ಪಟ್ಟಿಗಳ ನಡುವೆ ಕೊರೆದ ತೂತು ಬಿಲ್ಲಿನ ಬಲವನ್ನೇ ಕೆಡಿಸಬಹುದೆಂಬುದನ್ನು ಅವನು ಯಾವ ಗ್ರಂಥದಿಂದಲೂ ಕಲಿತಿರಲಿಲ್ಲ.

ತರುಣರು ಸವೆದ ತುಣುಕನ್ನು ಮೆಲ್ಲನೆ ಬಿಡಿಸಿ, ಒಂದು ಲಕೋಟೆಯಲ್ಲಿ ತಾರೀಖು ಬರೆದು ಇಟ್ಟಿರುವರು. ಅದರ ಎಡೆಯಲ್ಲಿ ಹೊಸ ಗರಿಯೊಂದನ್ನು ಅಂಟಿಸಿರುವರು. ಅದು ಸವೆದರೆ ಇನ್ನೊಂದನ್ನು ಅಂಟಿಸಬಹುದು, ಬಿಲ್ಲಿಗೆ ಗಾಯವಿಲ್ಲ.

ನಮ್ಮ ನಗರದ ಅಂಚಿನ ಊರುಗಳಲ್ಲಿ ಇದಕ್ಕೆ ವಿರುದ್ಧವಾದುದು ನಡೆದಿರುವುದು. ವೈಟ್‌ಫೀಲ್ಡಿನಲ್ಲಿಯೂ ಪೀಣ್ಯದಲ್ಲಿಯೂ ಬೇಗೂರಿನ ಸುತ್ತಲೂ ಕೆರೆಯ ಏರಿ, ಗುಂಡುತೋಪುಗಳ ಮೇಲೆ ಕಟ್ಟಡಗಳೆದ್ದಿವೆ. ಏರಿಯ ಬದಿಯ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾದರೂ ಕಲ್ಲಾಗಿ ಉಳಿಯುವುದು. ಅಡಿಪಾಯಕ್ಕೆ ಒಡೆದು ಹಾಕಿದರೆ ಉಳಿಯದು. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ತೆಗೆಯುವ ಕಾರ್ಯವನ್ನು ಕೈಗೊಂಡುದು ಸ್ತುತ್ಯವಾದುದು. ಆದರೆ ಅವರ ಯಂತ್ರವು ಬರುವವರೆಗೆ ಕಲ್ಲನ್ನು ಕಾಯಬೇಕಾದವರು ಅದರ ನೆರೆಯಲ್ಲಿ ಮನೆ ಮಾಡಿಕೊಂಡಿರುವ ನಾವೇ. ಹೊಸ ಗೋಡೆಗೆ ಪಾಯ ತೆಗೆಯುವಾಗ ಕೆತ್ತನೆಯುಳ್ಳ ಕಲ್ಲೊಂದು ಕಂಡರೆ, ಗುದ್ದಲಿಯನ್ನು ಒಂದು ಗಳಿಗೆ ನಿಲ್ಲಿಸಿ, ಪೀಣ್ಯದ ಆ ಮೇಸ್ತ್ರಿಯ ಮಾತನ್ನು ನೆನೆದರೆ ಸಾಕು.