ಮಾಳಿಗೆಯ ಭಾರ: ಉಮರ್ಗಾ–ನಿಲಂಗಾ ಸೀಮೆಯಲ್ಲಿ ಭೂಕಂಪಾನಂತರದ ಊರು ಮತ್ತು ಆರೋಗ್ಯ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. ಅನಂತರ ಅವು ಉಸ್ಮಾನಾಬಾದ್ ಜಿಲ್ಲೆಗೆ, 1982ರಲ್ಲಿ ಹೊಸದಾಗಿ ರಚಿತವಾದ ಲಾತೂರು ಜಿಲ್ಲೆಗೆ ಹೋದವು. ಉಮರ್ಗಾ ಉಸ್ಮಾನಾಬಾದಿನಲ್ಲಿಯೇ ಉಳಿಯಿತು. ಆಡಳಿತದ ಗಡಿ ಸರಿದರೂ ಮನೆ ಕಟ್ಟುವ ಕ್ರಮ ಸರಿಯಲಿಲ್ಲ. ಬಸವಕಲ್ಯಾಣ, ಆಳಂದಗಳ ಕಡೆ ಕಾಣುವ ಮಾಳಿಗೆ ಮನೆಯೇ ಇಲ್ಲಿಯೂ ರೂಢಿಯಲ್ಲಿತ್ತು. ಕರಿಗಲ್ಲನ್ನು ಕೆಸರಿನಲ್ಲಿ ಕೂಡಿಸಿದ ದಪ್ಪ ಗೋಡೆ, ತೊಲೆ–ಜಂತೆಗಳ ಮೇಲೆ ಮಣ್ಣಿನ ಹೊದಿಕೆ. ಸೋರದಿರಲೆಂದು ಮತ್ತೆ ಮತ್ತೆ ಮಣ್ಣು ಹಾಕುತ್ತಿದ್ದುದರಿಂದ ತಲೆಮಾರಿನಿಂದ ತಲೆಮಾರಿಗೆ ಮಾಳಿಗೆಯ ಭಾರ ಬೆಳೆಯುತ್ತಿತ್ತು. ಬೇಸಿಗೆಯಲ್ಲಿ ಆ ಭಾರವೇ ಮನೆಗೆ ತಂಪು.

1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಭೂಮಿ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ಮೊದಲಾದ ಊರುಗಳು ನೆಲಸಮವಾದವು. ಸುಮಾರು 8,000 ಜನ ಸತ್ತರೆಂಬುದು ಸರ್ಕಾರದ ಲೆಕ್ಕ. ಬೇರೆ ಲೆಕ್ಕಗಳು ಇನ್ನೂ ಹೆಚ್ಚು ಹೇಳುತ್ತವೆ. ಕೊಂದದ್ದು ಕಂಪನಕ್ಕಿಂತ ಹೆಚ್ಚಾಗಿ ಮಾಳಿಗೆ.

ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಪುನರ್ವಸತಿ ಕಾರ್ಯದಲ್ಲಿ 52 ಹಳ್ಳಿಗಳನ್ನು ಹೊಸ ಸ್ಥಳಗಳಿಗೆ ಒಯ್ಯಲಾಯಿತು. ಹಿಡುವಳಿಗೆ ತಕ್ಕಂತೆ 250, 400, 750 ಚದರಡಿಗಳ ಮನೆಗಳು ನಿಗದಿಯಾದವು. ಹಿಂದಿನ ಅಂತಸ್ತು ಹೀಗೆ ಸಿಮೆಂಟಿನಲ್ಲಿಯೂ ಅಚ್ಚೊತ್ತಿತು. ನಗರ ಬಡಾವಣೆಯ ಮಾದರಿಯಲ್ಲಿ ನೇರ ರಸ್ತೆ, ಸಾಲು ಮನೆ, ಅಗಲ ನಿವೇಶನ. ಹಳೆಯ ಊರಿಗಿಂತ ಹೊಸ ಊರು ಹಲವು ಪಟ್ಟು ಹರಡಿಕೊಂಡಿತು. ನೀರಿನ ಕೊಳವೆ, ಬೀದಿದೀಪ, ಚರಂಡಿಗಳ ಉದ್ದವೂ ಅಷ್ಟೇ ಬೆಳೆಯಿತು. ಅವನ್ನು ನೋಡಿಕೊಳ್ಳಬೇಕಾದ ಗ್ರಾಮ ಪಂಚಾಯತಿಯ ಆದಾಯ ಮಾತ್ರ ಬೆಳೆಯಲಿಲ್ಲ. ಓಣಿ ಹೋಯಿತು, ಹರಟೆಯ ಕಟ್ಟೆ ಹೋಯಿತು, ದನ ಕಟ್ಟುವ ಅಂಗಳ ಹೋಯಿತು. ಒಂದೇ ರಾತ್ರಿಯಲ್ಲಿ ಮನೆಮಂದಿಯನ್ನು ಕಳೆದುಕೊಂಡವರಿಗೆ ನೆರೆಮನೆಯ ದನಿ ಕೇಳುವಷ್ಟು ಹತ್ತಿರವಿರುವುದೂ ಆರೋಗ್ಯದ ಮಾತೇ. ನಕ್ಷೆ ಬರೆದವರ ಗಮನ ಗೋಡೆಯ ಬಲದ ಮೇಲಿತ್ತು. ಆಗಿನ ಭಯದಲ್ಲಿ ಅದು ಸಹಜವೇ. ಕಲ್ಲನ್ನು ಕಂಡರೆ ಜನರೇ ಹೆದರುತ್ತಿದ್ದರು.

ಸ್ಥಳಾಂತರವಾಗದ ಹಳ್ಳಿಗಳ ಕಥೆ ಬೇರೆ. ಅಲ್ಲಿ ಬಿರುಕುಬಿಟ್ಟ ಮನೆಯನ್ನು ಮನೆಯವರೇ ನಿಂತು ದುರಸ್ತಿ ಮಾಡಿಸಬೇಕಿತ್ತು. ಈ ಕೆಲಸಕ್ಕೆ ಪ್ರೇಮಾ ಗೋಪಾಲನ್ ಅವರ ಮುಂದಾಳತ್ವದ ಸ್ವಯಂ ಶಿಕ್ಷಣ ಪ್ರಯೋಗವು ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮಹಿಳೆಯರನ್ನು ‘ಸಂವಾದ ಸಹಾಯಕ’ರನ್ನಾಗಿ ಸಿದ್ಧಗೊಳಿಸಿತು. ಗೋಡೆಯ ಎರಡೂ ಮೈಗಳನ್ನು ಹಿಡಿದಿಡುವ ಅಡ್ಡಗಲ್ಲು ಏಕೆ ಬೇಕು, ಮಾಳಿಗೆಯ ಮಣ್ಣನ್ನು ಏಕೆ ಇಳಿಸಬೇಕು, ನೆರವಿನ ಹಣ ಎಲ್ಲಿ ನಿಂತಿದೆ ಎಂಬುದನ್ನು ಮನೆಮನೆಗೆ ತಿಳಿಸಿದವರು ಇವರು. ದುರಸ್ತಿ ಮುಗಿದ ಮೇಲೂ ಅವರ ಗುಂಪುಗಳು ಚದರಲಿಲ್ಲ. ಉಳಿತಾಯ, ಕುಡಿಯುವ ನೀರು, ಆರೋಗ್ಯ ಕೇಂದ್ರದ ವಿಚಾರಣೆಗಳ ಕಡೆ ತಿರುಗಿದವು.

ಇದೇ ಕಾಲಕ್ಕೆ ಉಮರ್ಗಾಕ್ಕೆ ದೂರವಲ್ಲದ ತುಳಜಾಪುರ ತಾಲ್ಲೂಕಿನ ಅಣದೂರಿನಲ್ಲಿ ಡಾ. ಶಶಿಕಾಂತ ಅಹಂಕಾರಿ ಮತ್ತು ಜೊತೆಗಾರರ ಹ್ಯಾಲೋ ಮೆಡಿಕಲ್ ಫೌಂಡೇಶನ್ ಹಳ್ಳಿಯ ಹೆಣ್ಣುಮಕ್ಕಳಿಗೆ ಪ್ರಾಥಮಿಕ ಚಿಕಿತ್ಸೆಯ ತರಬೇತಿ ನೀಡಿ ‘ಭಾರತ ವೈದ್ಯ’ ಎಂದು ಹೆಸರಿಟ್ಟಿತು. ಆಶಾ ಕಾರ್ಯಕರ್ತೆಯರ ರಾಷ್ಟ್ರೀಯ ಯೋಜನೆ ಬಂದದ್ದು ಬಹಳ ತಡವಾಗಿ, 2005ರಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ಸ್ಥಿತಿಯಿರುವ ಗಡಿಯ ಹಳ್ಳಿಗಳಲ್ಲಿ ಇಂಥ ಕ್ರಮಕ್ಕೆ ಇನ್ನೊಂದು ಅರ್ಥವೂ ಇದೆ. ಅರ್ಜಿ, ನಕ್ಷೆ, ಸೂಚನೆಗಳೆಲ್ಲ ರಾಜ್ಯಭಾಷೆಯಲ್ಲಿ ಬರುತ್ತವೆ. ಬಾಣಂತಿಯ ಜ್ವರ, ಮುದುಕಿಯ ನಿದ್ದೆಗೇಡು ಮನೆಮಾತಿನಲ್ಲಿಯೇ ಹೊರಬರಬೇಕು. ಅದನ್ನು ಕೇಳಬಲ್ಲವಳು ಊರಿನವಳೇ. ಪುನರ್ವಸತಿಯ ಇತಿಹಾಸವನ್ನು ಕಟ್ಟಿದ ಮನೆಗಳ ಸಂಖ್ಯೆಯಿಂದ ಬರೆಯುವವರು ಈ ಭಾಷೆಯ ಸಂಗತಿಯನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ.

2001ರ ಜನವರಿಯಲ್ಲಿ ಕಚ್ಛದಲ್ಲಿ ಭೂಮಿ ನಡುಗಿದಾಗ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಈ ಮಹಿಳೆಯರಲ್ಲಿ ಕೆಲವರು ಅಲ್ಲಿಗೆ ಹೋಗಿ, ತಮ್ಮ ಊರುಗಳಲ್ಲಿ ಕಲಿತದ್ದನ್ನು ಅಲ್ಲಿನ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟರು.