ಓರೆಗಣ್ಣು, ಪಟ್ಟಕ ಮತ್ತು ಚಾಣಕ್ಯನ ಹನ್ನೆರಡು ಪಣ

ದೆಹಲಿಯ ಕನ್ನಡಿಗರಿಗೆ ಚಾಣಕ್ಯಪುರಿ ಎಂದೊಡನೆ ನೆನಪಾಗುವುದು ರಾಯಭಾರ ಕಚೇರಿಗಳಲ್ಲ. ಕೌಟಿಲ್ಯ ಮಾರ್ಗದ ಕರ್ನಾಟಕ ಭವನ. ಆ ರಸ್ತೆಗೆ ಯಾರ ಹೆಸರಿದೆಯೋ ಆತನ ಗ್ರಂಥವನ್ನು ಲೋಕಕ್ಕೆ ಮರಳಿಸಿದ್ದು ಮೈಸೂರು ಎಂಬುದನ್ನು ಅಲ್ಲಿ ಊಟಕ್ಕೆ ಕುಳಿತಾಗ ನೆನೆಯುವವರು ವಿರಳ. ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ್ದ ಓಲೆಗರಿಯ ಕಟ್ಟಿನಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದವರು ಆರ್. ಶಾಮಾಶಾಸ್ತ್ರಿಗಳು.

ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ವಾಕ್ಪಾರುಷ್ಯವನ್ನು ಕುರಿತ ಒಂದು ಭಾಗವಿದೆ. ಒಕ್ಕಣ್ಣನನ್ನು ಒಕ್ಕಣ್ಣನೆಂದೋ ಕುಂಟನನ್ನು ಕುಂಟನೆಂದೋ ಕರೆದರೆ, ಮಾತು ನಿಜವೇ ಆಗಿದ್ದರೂ, ಮೂರು ಪಣ ದಂಡ. ಇಲ್ಲದ ಊನವನ್ನು ಹೊರಿಸಿದರೆ ಆರು ಪಣ. ಅಂಥವನ ಕಣ್ಣನ್ನೋ ಹಲ್ಲನ್ನೋ ಬಹು ಚೆಲುವಾಗಿದೆಯೆಂದು ಹೊಗಳಿಕೆಯ ಸೋಗಿನಲ್ಲಿ ಹಂಗಿಸಿದರೆ ಹನ್ನೆರಡು. ಸುಳ್ಳಿಗಿಂತ ಕೊಂಕಿಗೆ ಇಮ್ಮಡಿ ದಂಡ ವಿಧಿಸಿದ ಈ ಶಾಸ್ತ್ರಕಾರನಿಗೆ ಬೀದಿಯ ಮಾತು ಹೇಗೆ ಇರಿಯುತ್ತದೆಂಬುದು ಚೆನ್ನಾಗಿ ತಿಳಿದಿತ್ತು.

ಕಣ್ಣಿನ ಊನಗಳಲ್ಲಿ ಅತಿ ಹೆಚ್ಚು ಕೊಂಕಿಗೆ ಗುರಿಯಾಗಿರುವುದು ಮೆಳ್ಳೆಗಣ್ಣೇ ಇರಬೇಕು. ಅಮರಕೋಶ ಅಂಥವನನ್ನು ಕೇಕರ, ವಲಿರ ಎನ್ನುತ್ತದೆ. ನಮ್ಮ ಕಾವ್ಯಗಳಿಗೆ ಕುಡಿನೋಟ, ಓರೆನೋಟಗಳೆಂದರೆ ಬಲು ಪ್ರೀತಿ. ಆದರೆ ಆ ಓರೆ ಸ್ಥಿರವಾಗಿ ನಿಂತುಬಿಟ್ಟರೆ ಹುಡುಗಿಗೆ ಗಂಡು ಸಿಗುವುದು ಕಷ್ಟ. ಇದರ ಜೊತೆಗೆ ವಿಚಿತ್ರವಾದ ಇನ್ನೊಂದು ನಂಬಿಕೆಯೂ ಉಂಟು: ಮಗುವಿನ ಕಣ್ಣು ತುಸು ಓರೆಯಾಗಿದ್ದರೆ ಅದು ಅದೃಷ್ಟದ ಲಕ್ಷಣ, ಮನೆಗೆ ಒಳ್ಳೆಯದು ಎಂಬುದು. ಹಂಗಿಸುವ ನಾಲಗೆಗಿಂತ ಈ ಮುದ್ದಿನ ನಂಬಿಕೆಯೇ ಹೆಚ್ಚು ಕೇಡು ಮಾಡಿದೆಯೆಂದು ನನ್ನ ಎಣಿಕೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಚಾಣಕ್ಯಪುರಿಯ ಅಂಚಿನ ತೀನ್ ಮೂರ್ತಿ ವೃತ್ತದಲ್ಲಿ 1922ರಿಂದ ಮೂವರು ಕಂಚಿನ ಯೋಧರು ನಿಂತಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಹೈದರಾಬಾದ್, ಮೈಸೂರು, ಜೋಧಪುರಗಳ ಅಶ್ವದಳಗಳ ಸ್ಮಾರಕವದು. ಮೂವರ ಮುಖವೂ ಒಂದೊಂದು ದಿಕ್ಕಿಗೆ. ಕಾವಲಿಗೆ ಅದು ಸರಿ. ಒಂದೇ ತಲೆಯಲ್ಲಿರುವ ಎರಡು ಕಣ್ಣುಗಳಿಗೆ ಸಲ್ಲದು. ಎರಡು ಕಣ್ಣುಗಳೂ ಒಂದೇ ವಸ್ತುವಿನತ್ತ ತಿರುಗಿದಾಗಲೇ ಮಿದುಳು ಎರಡು ಬಿಂಬಗಳನ್ನು ಹೊಸೆದು ಒಂದಾಗಿಸಿ, ಜೊತೆಗೆ ಆಳದ ಅರಿವನ್ನೂ ಕೊಡುತ್ತದೆ. ಒಂದು ಕಣ್ಣು ದಾರಿ ತಪ್ಪಿದರೆ ಎರಡರಲ್ಲಿ ಒಂದು ಆಗುತ್ತದೆ. ದೊಡ್ಡವರಾದ ಮೇಲೆ ಹೀಗಾದರೆ ಒಂದು ದೀಪ ಎರಡಾಗಿ, ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ. ಎಳೆಯ ಮಗುವಿನಲ್ಲಾದರೆ ಬೆಳೆಯುತ್ತಿರುವ ಮಿದುಳು ಗೊಂದಲ ತಾಳಲಾರದೆ ಆ ಕಣ್ಣಿನ ಬಿಂಬವನ್ನೇ ಅಳಿಸಿಬಿಡುತ್ತದೆ. ಮಗು ಏನನ್ನೂ ದೂರುವುದಿಲ್ಲ, ಕಣ್ಣು ಮಾತ್ರ ಮೆಲ್ಲಗೆ ಮಂದವಾಗುತ್ತದೆ. ಅದೃಷ್ಟವೆಂದು ಕಾದು ಕುಳಿತ ವರ್ಷಗಳಲ್ಲಿ ನಡೆಯುವುದು ಇದೇ.

ಕನ್ನಡಕವೆಂಬ ಸಾಧನ ಕನ್ನಡ ನಾಡಿಗೆ ಹೊಸದಲ್ಲ. ಭಾರತದಲ್ಲಿ ಕನ್ನಡಕದ ಬಳಕೆಗೆ ಸಿಗುವ ಅತಿ ಹಳೆಯ ಉಲ್ಲೇಖಗಳಲ್ಲಿ ಒಂದು ವಿಜಯನಗರದ್ದು. 1539ರಲ್ಲಿ ತೀರಿಕೊಂಡ ವ್ಯಾಸರಾಯರ ಜೀವನವನ್ನು ಸಮಕಾಲೀನ ಕವಿ ಸೋಮನಾಥ ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಚಂಪುವಿನಲ್ಲಿ ಬರೆದಿದ್ದಾನೆ. ಬಿ. ವೆಂಕೋಬರಾಯರು 1926ರಲ್ಲಿ ಬೆಂಗಳೂರಿನಲ್ಲಿ ಅದನ್ನು ಸಂಪಾದಿಸಿ ಹೊರತಂದರು. ಯತಿಗಳು ಗ್ರಂಥ ಓದುವಾಗ ‘ಉಪಲೋಚನಗೋಲಕ’ವನ್ನು, ಎಂದರೆ ಕಣ್ಣಿಗೆ ನೆರವಾಗುವ ಗೋಳವನ್ನು, ಬಳಸುತ್ತಿದ್ದರೆಂಬ ಮಾತು ಅದರಲ್ಲಿದೆ. ವಿದ್ವಾಂಸ ಪಿ.ಕೆ. ಗೋಡೆ ಕನ್ನಡಕದ ಚರಿತ್ರೆಯನ್ನು ಬರೆಯುವಾಗ ಈ ಉಲ್ಲೇಖವನ್ನು ಎತ್ತಿ ತೋರಿಸಿದರು. ಅದು ವಯಸ್ಸಾದವರ ಓದಿಗೆ ಒದಗುವ ಉಬ್ಬುಗಾಜು. ಓರೆಗಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಮಸೂರ ಮಸುಕನ್ನು ತಿಳಿಯಾಗಿಸಬಲ್ಲದು. ಎರಡಾಗಿ ಕಂಡದ್ದನ್ನು ಒಂದಾಗಿಸಬೇಕಾದರೆ ಬೇರೆಯೇ ಆಕಾರದ ಗಾಜು ಬೇಕು.

ಆ ಗಾಜನ್ನು ನಾವೆಲ್ಲರೂ ಶಾಲೆಯಲ್ಲಿ ಕಂಡಿದ್ದೇವೆ. ಪುಸ್ತಕಗಳು ಅದನ್ನು ಪಟ್ಟಕವೆಂದವು, ಮೇಷ್ಟರು ಪ್ರಿಸಂ ಎಂದರು. 1672ರಲ್ಲಿ ನ್ಯೂಟನ್ ರಾಯಲ್ ಸೊಸೈಟಿಗೆ ಬರೆದ ಪತ್ರದಿಂದಾಗಿ ಪಟ್ಟಕವೆಂದರೆ ಕಾಮನಬಿಲ್ಲು ಎಂದೇ ಎಲ್ಲರ ಮನಸ್ಸಿನಲ್ಲಿ ನಿಂತಿದೆ. ಕಣ್ಣಿನ ವೈದ್ಯನಿಗೆ ಬಣ್ಣ ಬೇಡ. ಪಟ್ಟಕದ ಇನ್ನೊಂದು ಗುಣ ಬೇಕು. ಬೆಳಕು ಪಟ್ಟಕದ ದಪ್ಪ ಬದಿಯ ಕಡೆಗೆ ಬಾಗುತ್ತದೆ; ಆದ್ದರಿಂದ ಅದರ ಮೂಲಕ ನೋಡುವವನಿಗೆ ವಸ್ತು ತೆಳು ಅಂಚಿನ ಕಡೆಗೆ ಸರಿದಂತೆ ತೋರುತ್ತದೆ. ಕಣ್ಣು ಮೂಗಿನ ಕಡೆಗೆ ತಿರುಗಿದ್ದರೆ ಗಾಜಿನ ದಪ್ಪ ಬದಿಯನ್ನು ಕಿವಿಯ ಕಡೆಗಿಡುತ್ತಾರೆ, ಹೊರಕ್ಕೆ ತಿರುಗಿದ್ದರೆ ಮೂಗಿನ ಕಡೆಗೆ. ಕಣ್ಣು ನೆಟ್ಟಗಾಗುವುದಿಲ್ಲ, ಅದು ನೋಡುತ್ತಿರುವಲ್ಲಿಗೇ ಬಿಂಬವನ್ನು ತಂದು ಕೊಡಲಾಗುತ್ತದೆ. ಮೊಂಡು ಹಿಡಿದು ಮೂಲೆಯಲ್ಲಿ ಕುಳಿತ ಮಗುವನ್ನು ಊಟದ ಮನೆಗೆ ಎಳೆಯದೆ, ತಟ್ಟೆಯನ್ನೇ ಮೂಲೆಗೆ ಒಯ್ದ ಹಾಗೆ.

ಇಷ್ಟು ಸರಳವಾದ ಉಪಾಯ ಚಿಕಿತ್ಸೆಯಾಗಲು ನ್ಯೂಟನ್ನನ ಅನಂತರ ಸುಮಾರು ಎರಡು ಶತಮಾನ ಬೇಕಾಯಿತು. ಅಷ್ಟರಲ್ಲಿ ಕತ್ತರಿಯೇ ಮುಂದೆ ಹೋಯಿತು. 1839ರ ಅಕ್ಟೋಬರ್ 26ರಂದು ಬರ್ಲಿನ್ನಿನಲ್ಲಿ ಯೋಹಾನ್ ಡೀಫನ್‌ಬಾಖ್ ಏಳು ವರ್ಷದ ಹುಡುಗನೊಬ್ಬನ ಕಣ್ಣಿನ ಒಳಸ್ನಾಯುವನ್ನು ಕತ್ತರಿಸಿ ಓರೆಯನ್ನು ತಿದ್ದಿದ. ಅರಿವಳಿಕೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಸುದ್ದಿ ಯುರೋಪಿನ ತುಂಬ ಹಬ್ಬಿ ಎಲ್ಲೆಲ್ಲೂ ಕತ್ತರಿ ಆಡತೊಡಗಿತು. ಪೂರ್ತಿ ಕತ್ತರಿಸಿದ ಸ್ನಾಯುವಿನಿಂದಾಗಿ ಒಳಕ್ಕೆ ತಿರುಗಿದ್ದ ಎಷ್ಟೋ ಕಣ್ಣುಗಳು ಕ್ರಮೇಣ ಹೊರಕ್ಕೆ ತಿರುಗಿದವು. ಅದೇ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ, ಉಟ್ರೆಕ್ಟಿನ ಡಾಂಡರ್ಸ್ ಮುಂತಾದವರು ಪಟ್ಟಕವನ್ನು ಮೊದಲು ಅಳೆಯುವುದಕ್ಕೂ ಬಳಿಕ ಧರಿಸುವುದಕ್ಕೂ ಬಳಕೆಗೆ ತಂದರು. ಮಕ್ಕಳ ಕಣ್ಣು ಒಳಕ್ಕೆ ತಿರುಗುವುದಕ್ಕೆ ಎಷ್ಟೋ ಸಲ ದೂರದೃಷ್ಟಿಯ ದೋಷವೇ ಕಾರಣವೆಂದು ಡಾಂಡರ್ಸ್ 1864ರ ತನ್ನ ಗ್ರಂಥದಲ್ಲಿ ವಿವರಿಸಿದ. ಅಂಥ ಮಗುವಿಗೆ ಬೇಕಾದದ್ದು ಕತ್ತರಿಯೂ ಅಲ್ಲ, ಪಟ್ಟಕವೂ ಅಲ್ಲ. ಸರಿಯಾದ ಉಬ್ಬುಮಸೂರದ ಸಾಮಾನ್ಯ ಕನ್ನಡಕ.

ನನ್ನ ಮಟ್ಟಿಗೆ ಈ ಕಥೆಯ ನಾಯಕ ವೈದ್ಯನಲ್ಲ, ನ್ಯೂಯಾರ್ಕಿನ ಕನ್ನಡಕದ ಅಂಗಡಿಯವನು. ಚಾರ್ಲ್ಸ್ ಪ್ರೆಂಟಿಸ್ ಎಂಬ ಈತನ ಕಾಲದಲ್ಲಿ ಪಟ್ಟಕಗಳನ್ನು ಗಾಜಿನ ಮೂಲೆಯ ಕೋನದಿಂದ ಗುರುತಿಸುತ್ತಿದ್ದರು. ಗಾಜು ಬದಲಾದರೆ ಬೆಳಕು ಬಾಗುವ ಪ್ರಮಾಣವೂ ಬದಲಾಗುತ್ತಿತ್ತು. ಗಾಜು ಹೇಗಾದರೂ ಇರಲಿ, ಬೆಳಕು ಎಷ್ಟು ಸರಿಯಿತೆಂಬುದನ್ನು ಅಳೆಯೋಣ ಎಂಬುದು 1880ರ ದಶಕದ ಕೊನೆಯಲ್ಲಿ ಆತ ಮುಂದಿಟ್ಟ ಸಲಹೆ. ಒಂದು ಮೀಟರು ದೂರದಲ್ಲಿ ಬೆಳಕನ್ನು ಒಂದು ಸೆಂಟಿಮೀಟರು ಸರಿಸುವ ಪಟ್ಟಕದ ಬಲ ಒಂದು. ಅದಕ್ಕೆ ಪ್ರಿಸಂ ಡಯಾಪ್ಟರ್ ಎಂದು ಹೆಸರಾಯಿತು. ಇಂದಿಗೂ ಏಮ್ಸ್‌ನಲ್ಲಿರಲಿ ಮಿಂಟೋದಲ್ಲಿರಲಿ ಚೀಟಿಯಲ್ಲಿ ಬರೆಯುವುದು ಅದೇ ಅಳತೆ. ಸಾಮಾನ್ಯ ಮಸೂರವೂ ನಡುವಿನಿಂದ ಸರಿದರೆ ಪಟ್ಟಕದಂತೆ ವರ್ತಿಸುತ್ತದೆಂಬ ಲೆಕ್ಕವೂ ಅವನ ಹೆಸರಿನಲ್ಲೇ ಇದೆ. ಆರು ಡಯಾಪ್ಟರಿನ ಮಸೂರ ಅರ್ಧ ಸೆಂಟಿಮೀಟರು ಸರಿದು ಕೂತರೆ, ಯಾರೂ ಬರೆದುಕೊಡದಿದ್ದರೂ, ಮೂರು ಪ್ರಿಸಂ ಡಯಾಪ್ಟರ್ ಕಣ್ಣಿಗೆ ಬಂದು ಬೀಳುತ್ತದೆ. ಹೊಸ ಕನ್ನಡಕ ಹಾಕಿದ ದಿನದಿಂದ ತಲೆನೋವು ಎನ್ನುವವರು ಸಂಖ್ಯೆಯನ್ನು ಮಾತ್ರವಲ್ಲ, ಗಾಜಿನ ನಡುಬಿಂದು ಪಾಪೆಯ ನಡುವಿಗೆ ಸರಿಯಾಗಿದೆಯೇ ಎಂಬುದನ್ನೂ ನೋಡಿಸಬೇಕು. ಈ ಪ್ರೆಂಟಿಸ್ 1892ರಲ್ಲಿ ಕಣ್ಣು ಪರೀಕ್ಷೆಗೆ ಮೂರು ಡಾಲರು ಶುಲ್ಕ ಕೇಳಿದ್ದಕ್ಕೆ ವೈದ್ಯರು ಸಿಡಿದೆದ್ದರು. ಆ ಜಗಳ ಬೆಳೆದು 1908ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ದೃಷ್ಟಿಪರೀಕ್ಷಕರ ವೃತ್ತಿಗೆ ಕಾನೂನಿನ ಮಾನ್ಯತೆ ದೊರೆಯುವಲ್ಲಿ ಮುಗಿಯಿತು. ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ ಅರ್ನೆಸ್ಟ್ ಮ್ಯಾಡಕ್ಸ್ ಪಟ್ಟಕಗಳ ಬಳಕೆಯ ಬಗ್ಗೆಯೇ ಪುಸ್ತಕ ಬರೆದ. ಓರೆಗಣ್ಣಿಗೆ ವ್ಯಾಯಾಮ ಕಲಿಸುವುದನ್ನೇ ಮೊದಲು ವೃತ್ತಿಯಾಗಿಸಿಕೊಂಡವಳು ಅವನ ಮಗಳು ಮೇರಿ.

ಇತ್ತ ಬೆಂಗಳೂರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆಯ ಈಗಿನ ಕಟ್ಟಡ 1913ರಲ್ಲಿ ತೆರೆಯಿತು. ನಮ್ಮ ನಾಡಿನ ನೇತ್ರಚಿಕಿತ್ಸೆಯ ಚರಿತ್ರೆ ಮಾತ್ರ ಬಹುಪಾಲು ಪೊರೆಯ ಚರಿತ್ರೆ. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಶಿಬಿರಗಳಲ್ಲಿ ಪೊರೆ ತೆಗೆದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಅವರ ಹೆಸರು ಗಿನ್ನೆಸ್ ಪುಸ್ತಕ ಸೇರಿತು. ಕುರುಡುತನವೇ ಮನೆಬಾಗಿಲಲ್ಲಿ ನಿಂತಿರುವಾಗ ಮೆಳ್ಳೆಗಣ್ಣನ್ನು ಯಾರು ನೋಡಿಯಾರು? ಅದನ್ನು ತಪ್ಪೆನ್ನಲಾಗದು. ಆದರೆ ಆ ತುರ್ತು ಮುಂದೆ ಲೆಕ್ಕದ ರೂಪ ಪಡೆಯಿತು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಅಂಧತ್ವವನ್ನು ಅಳೆದದ್ದು ಎರಡು ಕಣ್ಣುಗಳಲ್ಲಿ ಚೆನ್ನಾಗಿರುವ ಕಣ್ಣಿನಿಂದ. ಅದರ ದೃಷ್ಟಿ 6/60ಕ್ಕಿಂತ ಕೆಳಗಿದ್ದರೆ ಮಾತ್ರ ವ್ಯಕ್ತಿ ಅಂಧರ ಪಟ್ಟಿಗೆ ಸೇರುತ್ತಿದ್ದ. ಒಂದೊಂದೇ ಕಣ್ಣಿನಲ್ಲಿ ಸ್ಪಷ್ಟವಾಗಿ ಓದಬಲ್ಲ, ಎರಡನ್ನೂ ತೆರೆದೊಡನೆ ಎರಡು ಬಸ್ಸುಗಳನ್ನು ಕಂಡು ರಸ್ತೆ ದಾಟಲಾರದೆ ನಿಲ್ಲುವ ಮನುಷ್ಯ ಈ ಲೆಕ್ಕದಲ್ಲಿ ಪೂರ್ಣ ದೃಷ್ಟಿವಂತ. ಒಂದು ಕಣ್ಣು ಮಂದವಾದ ಮೆಳ್ಳೆಗಣ್ಣಿನ ಮಗುವೂ ಹಾಗೆಯೇ.

ಈ ಕಾರ್ಯಕ್ರಮಕ್ಕೆ ಶಿಖರಸಂಸ್ಥೆಯೆನಿಸಿದ್ದು ಚಾಣಕ್ಯಪುರಿಯಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಏಮ್ಸ್ ಆವರಣದಲ್ಲಿ 1967ರಲ್ಲಿ ಸ್ಥಾಪನೆಯಾದ ಡಾ. ರಾಜೇಂದ್ರ ಪ್ರಸಾದ್ ನೇತ್ರವಿಜ್ಞಾನ ಕೇಂದ್ರ. ಲೆಕ್ಕ ಪೊರೆಯದಾದರೂ ಓರೆಗಣ್ಣಿನ ಚಿಕಿತ್ಸೆಯೂ ತರಬೇತಿಯೂ ಅಲ್ಲಿ ಬೇರು ಬಿಟ್ಟವು. ಅಲ್ಲಿ ದುಡಿದ ಡಾ. ಪ್ರದೀಪ್ ಶರ್ಮಾ ಈ ವಿಷಯದ ಮೇಲೆ ಬರೆದ ಪಠ್ಯವನ್ನು ದೇಶದ ನೇತ್ರವೈದ್ಯ ವಿದ್ಯಾರ್ಥಿಗಳು ಓದುತ್ತಾರೆ.

ಪಟ್ಟಕದ ಕನ್ನಡಕ ಎಲ್ಲರಿಗೂ ಒದಗುವುದಿಲ್ಲ. ಮಿದುಳು ಈಗಾಗಲೇ ಅಳಿಸಿಹಾಕಿದ ಬಿಂಬವನ್ನು ಅದು ಮರಳಿ ತಾರದು. ಆ ಮಗುವಿಗೆ ಬೇಕಾದದ್ದು ಬೇಗನೆ ಪರೀಕ್ಷೆ, ಕನ್ನಡಕ, ಒಳ್ಳೆಯ ಕಣ್ಣಿಗೆ ಪಟ್ಟಿ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆ. ಓರೆ ಬಹಳ ಹೆಚ್ಚಿದ್ದರೆ ಗಾಜು ದಪ್ಪವಾಗಿ ಭಾರವಾಗುತ್ತದೆ, ಅಂಚುಗಳಲ್ಲಿ ನ್ಯೂಟನ್ನನ ಬಣ್ಣಗಳು ಇಣುಕುತ್ತವೆ. ನೋಟದ ದಿಕ್ಕು ಬದಲಾದಂತೆ ಓರೆಯ ಪ್ರಮಾಣವೂ ಬದಲಾಗುವವರಿಗೆ ಒಂದೇ ಪಟ್ಟಕ ಎಲ್ಲ ದಿಕ್ಕಿಗೂ ಸಾಲದು. ಅದರ ನಿಜವಾದ ಉಪಕಾರ ದೊರೆಯುವುದು ನಡುವಯಸ್ಸಿನಲ್ಲಿ ಸಣ್ಣ ಅಥವಾ ಮಧ್ಯಮ ಪ್ರಮಾಣದ ಓರೆಯಿಂದ ಜೋಡಿಬಿಂಬ ಕಾಣತೊಡಗಿದವರಿಗೆ: ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಥೈರಾಯ್ಡ್ ತೊಂದರೆಯಿಂದ ಕಣ್ಣಿನ ಸ್ನಾಯು ಬಿಗಿದವರು, ಸಕ್ಕರೆ ಕಾಯಿಲೆಯಲ್ಲಿ ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯ ನರ ಸೋತವರು. ಇದ್ದಕ್ಕಿದ್ದಂತೆ ಎರಡಾಗಿ ಕಂಡರೆ ಮೊದಲು ಹೋಗಬೇಕಾದದ್ದು ಕನ್ನಡಕದ ಅಂಗಡಿಗಲ್ಲ, ವೈದ್ಯರ ಬಳಿಗೆ, ಅದೂ ತಡಮಾಡದೆ. ಕಾರಣ ಮಿದುಳಿನಲ್ಲೂ ಇರಬಹುದು.

ಸೋತ ನರ ಚೇತರಿಸಿಕೊಳ್ಳುವ ತನಕದ ತಿಂಗಳುಗಳಿಗಾಗಿ ಇನ್ನೊಂದು ಉಪಾಯವುಂಟು. 1820ರ ದಶಕದಲ್ಲಿ ಫ್ರಾನ್ಸಿನ ಫ್ರೆನೆಲ್ ದೀಪಸ್ತಂಭಗಳಿಗಾಗಿ ದಪ್ಪ ಮಸೂರವನ್ನು ಉಂಗುರಗಳಾಗಿ ಸೀಳಿ ತೆಳ್ಳಗಾಗಿಸಿದ್ದ. ಅದೇ ತತ್ತ್ವದಲ್ಲಿ ಒಂದು ದೊಡ್ಡ ಪಟ್ಟಕದ ಬದಲು ನೂಲಿನಂಥ ಸಣ್ಣ ಪಟ್ಟಕಗಳನ್ನು ಸಾಲಾಗಿ ಹೊಂದಿಸಿದ ಮೆದು ಪ್ಲಾಸ್ಟಿಕ್ ಹಾಳೆ 1970ರ ಸುಮಾರಿಗೆ ಬಳಕೆಗೆ ಬಂತು. ಅದನ್ನು ಕತ್ತರಿಸಿ, ನೀರಿನಲ್ಲಿ ಅದ್ದಿ, ಇರುವ ಕನ್ನಡಕದ ಒಳಮೈಗೆ ಒತ್ತಿದರೆ ಅಂಟಿಕೊಳ್ಳುತ್ತದೆ. ದೃಷ್ಟಿ ತುಸು ಮಬ್ಬಾಗುತ್ತದೆ, ಗೆರೆಗಳು ಎದುರಿನವರಿಗೂ ಕಾಣುತ್ತವೆ. ಆದರೂ ಮೆಟ್ಟಿಲು ಒಂದೇ ಆಗಿ ಕಾಣುತ್ತದೆ. ನರ ಸುಧಾರಿಸಿದಂತೆ ಕಡಿಮೆ ಬಲದ ಹಾಳೆ ಹಚ್ಚುತ್ತಾರೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಅದೂ ಬೇಡವಾಗಿ, ಕನ್ನಡಕದಿಂದ ಸುಲಿದು ತೆಗೆಯುತ್ತಾರೆ.